ದೂರದಿಂದ ಲೆಕ್ಕ ಬರೆಯುವವರಿಗೆ ಕಚೇರಿಯ ಕಡತ: ಬೀಗದ ಕೈ ಯಾರ ಬಳಿ?

2020ರ ಮಾರ್ಚ್ 25ರಂದು ದೇಶಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಾಗ ಆರ್ಥಿಕ ವರ್ಷ ಮುಗಿಯಲು ಒಂದೇ ವಾರ ಉಳಿದಿತ್ತು. ದಾಸ್ತಾನು ಎಣಿಸಬೇಕಾದ, ಬಾಕಿಗಳನ್ನು ತಾಳೆ ನೋಡಬೇಕಾದ ಹೊತ್ತಿಗೆ ಸರಿಯಾಗಿ ಅಂಗಡಿ, ಕಾರ್ಖಾನೆಗಳ ಬಾಗಿಲು ಮುಚ್ಚಿತು. ಲೆಕ್ಕಪತ್ರವೆಲ್ಲ ಕಚೇರಿಯ ಗಣಕಯಂತ್ರದೊಳಗೆ, ಲೆಕ್ಕ ಬರೆಯುವವರು ತಮ್ಮ ತಮ್ಮ ಮನೆಯೊಳಗೆ. ಕೆಲವರು ಪೊಲೀಸರ ಕಣ್ತಪ್ಪಿಸಿ ಸ್ಕೂಟರಿನ ಮೇಲೆ ಸಿಪಿಯು ಪೆಟ್ಟಿಗೆಯನ್ನೇ ಮನೆಗೆ ಸಾಗಿಸಿದರು. ಉಳಿದವರು ಮನೆಯಲ್ಲಿದ್ದ ಇಂಜಿನಿಯರಿಂಗ್ ವಿದ್ಯಾರ್ಥಿಯನ್ನು ಕೇಳಿ, ಯಾವುದೋ ಒಂದು ಪರದೆ ಹಂಚಿಕೆಯ ತಂತ್ರಾಂಶವನ್ನು ಹಾಕಿಸಿಕೊಂಡು, ಅದರ ಪಾಸ್‌ವರ್ಡನ್ನು ವಾಟ್ಸ್‌ಆ್ಯಪ್‌ನಲ್ಲಿ ಲೆಕ್ಕಿಗರಿಗೆ ಕಳುಹಿಸಿದರು. ಆ ಹೊತ್ತಿಗೆ ಅದು ತಪ್ಪೆಂದು ಹೇಳಲಾಗದು. ಕೆಲಸ ನಡೆಯಬೇಕಾಗಿತ್ತು, ನಡೆಯಿತು.

ಚಿಂತೆಗೆ ಕಾರಣವಾದ ಸಂಗತಿಯೆಂದರೆ, ಆ ತಾತ್ಕಾಲಿಕ ಏರ್ಪಾಡು ಬಹುಪಾಲು ಸಣ್ಣ ಸಂಸ್ಥೆಗಳಲ್ಲಿ ಇಂದಿಗೂ ಹಾಗೆಯೇ ಉಳಿದುಕೊಂಡಿದೆ. ಅಂದು ಕೊಟ್ಟ ಪಾಸ್‌ವರ್ಡ್ ಬದಲಾಗಿಲ್ಲ. ಅದನ್ನು ಪಡೆದವರಲ್ಲಿ ಕೆಲವರು ಈಗ ಸಂಸ್ಥೆಯಲ್ಲಿಲ್ಲ. ಯಾರ ಬಳಿ ಇದೆ, ಯಾರ ಬಳಿ ಇಲ್ಲ ಎಂಬುದು ಮಾಲೀಕರಿಗೂ ತಿಳಿಯದು. ತಿಜೋರಿಯ ಬೀಗದ ಕೈಯನ್ನು ರಾತ್ರಿ ದಿಂಬಿನ ಕೆಳಗಿಟ್ಟು ಮಲಗುವ ವರ್ತಕರು, ಇಡೀ ವ್ಯಾಪಾರದ ಗುಟ್ಟನ್ನು ಹೊತ್ತ ಯಂತ್ರದ ಬೀಗದ ಕೈಯನ್ನು ಹೀಗೆ ಊರ ಮೇಲೆ ಬಿಟ್ಟಿರುವುದು ವಿಚಿತ್ರವಾದರೂ ನಿಜ.

ದೂರದಿಂದ ಕೆಲಸ ಮಾಡುವುದೇ ಬೇಡ, ಎಲ್ಲರೂ ಮೊದಲಿನಂತೆ ಕಚೇರಿಗೇ ಬರಲಿ ಎಂಬ ವಾದವೂ ಇದೆ. ಅದು ಇನ್ನು ನಡೆಯುವ ಮಾತಲ್ಲ. ಹತ್ತು ವರ್ಷ ಒಂದೇ ಸಂಸ್ಥೆಯ ಲೆಕ್ಕ ಬರೆದು, ಪ್ರತಿಯೊಬ್ಬ ಗಿರಾಕಿಯ ಗುಣಸ್ವಭಾವವನ್ನೂ ಬಲ್ಲ ಹೆಣ್ಣುಮಗಳೊಬ್ಬಳು ಮದುವೆಯಾಗಿ ಬೇರೆ ಊರಿಗೆ ಹೋದಳೆಂದು ಆಕೆಯನ್ನು ಬಿಟ್ಟುಕೊಡುವುದು ಜಾಣತನವಲ್ಲ. ಜಿ.ಎಸ್.ಟಿ. ತಿಳಿದ, ಇ-ವೇ ಬಿಲ್ ತಯಾರಿಸಬಲ್ಲ, ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಸಿದ್ಧಪಡಿಸಬಲ್ಲ ಕೈಗಳು ಜಿಲ್ಲಾ ಕೇಂದ್ರಗಳಲ್ಲಿಯೇ ವಿರಳ, ತಾಲ್ಲೂಕು ಊರುಗಳಲ್ಲಿ ಕೇಳುವುದೇ ಬೇಡ. ಸಿಕ್ಕವರನ್ನು ಉಳಿಸಿಕೊಳ್ಳಬೇಕಾದರೆ ಅವರಿದ್ದಲ್ಲಿಗೆ ಕೆಲಸ ಹೋಗಬೇಕಾಗುತ್ತದೆ. ಆದುದರಿಂದ ಪ್ರಶ್ನೆ ಪ್ರವೇಶ ಕೊಡಬೇಕೇ ಬೇಡವೇ ಎಂಬುದಲ್ಲ; ಯಾವುದಕ್ಕೆ, ಯಾರ ಹೆಸರಿನಲ್ಲಿ, ಎಷ್ಟು ಹೊತ್ತು ಎಂಬುದು.

ಇಲ್ಲಿ ಹಿಂದಿನ ಪದ್ಧತಿಯೊಂದನ್ನು ನೆನೆಯುವುದು ಉಚಿತ. ಕಿರ್ದಿ, ಖಾತೆ ಪುಸ್ತಕಗಳ ಕಾಲದಲ್ಲಿಯೂ ಅರೆಕಾಲಿಕ ಲೆಕ್ಕಿಗರಿದ್ದರು. ಸಂಜೆ ಆರಕ್ಕೆ ಒಂದು ಅಂಗಡಿ, ಎಂಟಕ್ಕೆ ಇನ್ನೊಂದು ಅಂಗಡಿ. ಒಂದೇ ಬೀದಿಯ ಇಬ್ಬರು ಜವಳಿ ವರ್ತಕರ ಲೆಕ್ಕವನ್ನು ಒಬ್ಬರೇ ಬರೆಯುತ್ತಿದ್ದುದೂ ಉಂಟು. ಆದರೆ ಪುಸ್ತಕ ಅಂಗಡಿಯಲ್ಲೇ ಉಳಿಯುತ್ತಿತ್ತು, ಲೆಕ್ಕಿಗ ಮಾತ್ರ ಎದ್ದು ಹೋಗುತ್ತಿದ್ದ. ಆತನ ನೆನಪಿನಲ್ಲಿ ಉಳಿದಷ್ಟೇ ಹೊರಗೆ ಹೋಗುತ್ತಿತ್ತು. ಇಂದು ಲೆಕ್ಕಿಗ ಮನೆಯಲ್ಲೇ ಉಳಿದು ಪುಸ್ತಕವೇ ಅವನಲ್ಲಿಗೆ ಹೋಗುತ್ತಿದೆ. ಹತ್ತು ಸಂಸ್ಥೆಗಳ ಖರೀದಿ ದರ, ಗಿರಾಕಿಗಳ ಪಟ್ಟಿ, ಯಾರಿಗೆ ಎಷ್ಟು ದಿನದ ಉದ್ದರಿ, ಯಾರಿಗೆ ಎಷ್ಟು ರಿಯಾಯಿತಿ ಎಂಬುದೆಲ್ಲ ಒಂದೇ ಲ್ಯಾಪ್‌ಟಾಪಿನಲ್ಲಿ ಒಂದರ ಪಕ್ಕ ಒಂದು ಕುಳಿತಿರುತ್ತವೆ. ಅದೇ ಲ್ಯಾಪ್‌ಟಾಪಿನಲ್ಲಿ ಮನೆಯ ಮಕ್ಕಳು ಆಟ ಆಡುತ್ತಾರೆ, ಸಿನಿಮಾ ಇಳಿಸಿಕೊಳ್ಳುತ್ತಾರೆ. ಲೆಕ್ಕಿಗನ ಪ್ರಾಮಾಣಿಕತೆಯ ಬಗೆಗೆ ಇಲ್ಲಿ ಲವಲೇಶವೂ ಸಂಶಯವಿಲ್ಲ. ಸಂಶಯವಿರುವುದು ಆ ಯಂತ್ರದ ಬಗೆಗೆ.

ಈಗ ರೂಢಿಯಲ್ಲಿರುವ ವಿಧಾನಗಳನ್ನು ನೋಡಬೇಕು. ಅತ್ಯಂತ ಸಾಮಾನ್ಯವಾದುದು, ದತ್ತಾಂಶದ ಬ್ಯಾಕಪ್ ತೆಗೆದು ಪೆನ್ ಡ್ರೈವ್‌ನಲ್ಲೋ ಇ-ಮೇಲ್‌ನಲ್ಲೋ ಕಳುಹಿಸುವುದು. ಸುಲಭವೆಂದು ತೋರುವ ಈ ವಿಧಾನವೇ ಹೆಚ್ಚು ಗೊಂದಲ ತರುತ್ತದೆ. ಸೋಮವಾರ ಬ್ಯಾಕಪ್ ಹೋಯಿತೆಂದು ಇಟ್ಟುಕೊಳ್ಳೋಣ. ಲೆಕ್ಕಿಗ ಮನೆಯಲ್ಲಿ ಖರೀದಿ ಬಿಲ್ಲುಗಳನ್ನು, ಬ್ಯಾಂಕ್ ವಹಿವಾಟುಗಳನ್ನು ನಮೂದಿಸುತ್ತಾನೆ. ಇತ್ತ ಅಂಗಡಿಯಲ್ಲಿ ಮಾರಾಟದ ಬಿಲ್ಲುಗಳು ಹಳೆಯ ಪ್ರತಿಯಲ್ಲಿಯೇ ಆಗುತ್ತಿರುತ್ತವೆ. ಗುರುವಾರ ಅವನ ಪ್ರತಿ ಹಿಂದಿರುಗಿದಾಗ ಯಾವುದು ಅಸಲು? ಅಜಾಗರೂಕತೆಯಿಂದ ಅದನ್ನು ಇದರ ಮೇಲೆ ಹಾಕಿದರೆ ನಾಲ್ಕು ದಿನದ ಮಾರಾಟ ಅಳಿಸಿಹೋಗುತ್ತದೆ. ಗಿರಾಕಿಯ ಕೈಯಲ್ಲಿ ಬಿಲ್ಲಿದೆ, ಪೋರ್ಟಲ್‌ನಲ್ಲಿ ಇ-ವೇ ಬಿಲ್ ಇದೆ, ಲೆಕ್ಕದಲ್ಲಿ ಮಾತ್ರ ಮಾರಾಟವಿಲ್ಲ! ಇಂತಹ ವ್ಯತ್ಯಾಸ ಗೊತ್ತಾಗುವುದು ಸಾಮಾನ್ಯವಾಗಿ ರಿಟರ್ನ್ ಸಲ್ಲಿಸುವ ಹಿಂದಿನ ರಾತ್ರಿ, ಇಲ್ಲವೇ ಇಲಾಖೆಯ ನೋಟೀಸು ಬಂದ ಮೇಲೆ. ದತ್ತಾಂಶದ ಫೋಲ್ಡರನ್ನು ಗೂಗಲ್ ಡ್ರೈವ್‌ನಂತಹ ತಾಣಕ್ಕೆ ಜೋಡಿಸಿ ಇಬ್ಬರೂ ಏಕಕಾಲಕ್ಕೆ ತೆರೆಯುವುದು ಇನ್ನೂ ಅಪಾಯಕಾರಿ. ಪತ್ರ, ಚಿತ್ರಗಳಿಗೆ ಒಪ್ಪುವ ಆ ಏರ್ಪಾಡು ಕ್ಷಣಕ್ಷಣಕ್ಕೂ ಬರೆಯಲ್ಪಡುತ್ತಿರುವ ಲೆಕ್ಕದ ದತ್ತಾಂಶಕ್ಕೆ ಒಪ್ಪುವುದಿಲ್ಲ. ಫೈಲು ಕೆಡುತ್ತದೆ, ತೆರೆಯುವುದೇ ಇಲ್ಲ.

ಎರಡನೆಯದು ಎನಿಡೆಸ್ಕ್, ಟೀಮ್‌ವ್ಯೂವರ್ ಮೊದಲಾದ ಪರದೆ ಹಂಚಿಕೆಯ ತಂತ್ರಾಂಶ. ಪ್ರತಿ ಒಂದೇ ಇರುವುದರಿಂದ ಮೇಲಿನ ಗೊಂದಲ ಇಲ್ಲಿಲ್ಲ. ಆದರೆ ಇದರಿಂದ ಒಳಗೆ ಬಂದವರು ಲೆಕ್ಕವನ್ನಷ್ಟೇ ಅಲ್ಲ, ಇಡೀ ಯಂತ್ರವನ್ನೇ ಕಾಣುತ್ತಾರೆ. ಮಾಲೀಕರ ಇ-ಮೇಲ್, ಬ್ರೌಸರ್ ನೆನಪಿಟ್ಟುಕೊಂಡಿರುವ ಬ್ಯಾಂಕಿನ ಪಾಸ್‌ವರ್ಡ್, ಮಗಳ ಮದುವೆಯ ಖರ್ಚಿನ ಪಟ್ಟಿ, ಎಲ್ಲವೂ ಕಣ್ಣೆದುರು. ಇಂತಹ ತಂತ್ರಾಂಶವನ್ನು ಬಳಸಿ ಖಾತೆಯಿಂದ ಹಣ ಕದಿಯುವ ವಂಚನೆಯ ಬಗೆಗೆ ಭಾರತೀಯ ರಿಸರ್ವ್ ಬ್ಯಾಂಕ್ 2019ರ ಫೆಬ್ರವರಿಯಲ್ಲಿಯೇ ಬ್ಯಾಂಕುಗಳನ್ನು ಎಚ್ಚರಿಸಿತ್ತು. 2024ರ ಫೆಬ್ರವರಿಯಲ್ಲಿ ಎನಿಡೆಸ್ಕ್ ಕಂಪನಿಯು ತನ್ನದೇ ವ್ಯವಸ್ಥೆಯೊಳಗೆ ಅತಿಕ್ರಮ ಪ್ರವೇಶವಾಗಿದ್ದುದನ್ನು ಬಹಿರಂಗಪಡಿಸಿತು. ತಂತ್ರಾಂಶ ಕೆಟ್ಟದ್ದೆಂದು ಇದರ ಅರ್ಥವಲ್ಲ. ದುರಸ್ತಿಗೆಂದು ಹತ್ತು ನಿಮಿಷ, ಎದುರಿಗೆ ಒಬ್ಬರು ಕುಳಿತಿರುವಾಗ ಬಳಸಿದರೆ ಅಡ್ಡಿಯಿಲ್ಲ. ಯಾರೂ ಇಲ್ಲದ ಕಚೇರಿಯಲ್ಲಿ ಹಗಲೂ ರಾತ್ರಿ, ಒಂದೇ ಖಾಯಂ ಪಾಸ್‌ವರ್ಡ್ ಮೇಲೆ ತೆರೆದಿಡುವುದು ಸಲ್ಲದು.

ಮೂರನೆಯದು ವಿಂಡೋಸ್‌ನಲ್ಲಿಯೇ ಅಡಕವಾಗಿರುವ ರಿಮೋಟ್ ಡೆಸ್ಕ್‌ಟಾಪ್. ಕಾರ್ಯಕ್ಷಮತೆಯಲ್ಲಿ ಉತ್ತಮವಾದರೂ, ಇದನ್ನು ಬಹುಪಾಲು ಗಣಕಯಂತ್ರ ರಿಪೇರಿಯವರು ಅಳವಡಿಸುವ ಕ್ರಮ ಮಾತ್ರ ಭಯ ಹುಟ್ಟಿಸುವಂಥದು. ರೂಟರ್‌ನಲ್ಲಿ 3389 ಸಂಖ್ಯೆಯ ಬಾಗಿಲನ್ನು ನೇರವಾಗಿ ಅಂತರ್ಜಾಲಕ್ಕೆ ತೆರೆದು, ಸ್ಟ್ಯಾಟಿಕ್ ಐಪಿ ತೆಗೆದುಕೊಟ್ಟು ಹೋಗುತ್ತಾರೆ. ಜಗತ್ತಿನ ಯಾವುದೋ ಮೂಲೆಯಿಂದ ಆ ಬಾಗಿಲನ್ನು ಸ್ವಯಂಚಾಲಿತವಾಗಿ ತಟ್ಟಿ ನೋಡುವವರು ಸದಾ ಇರುತ್ತಾರೆ. 2019ರ ಮೇ ತಿಂಗಳಿನಲ್ಲಿ ಬ್ಲೂಕೀಪ್ ಎಂಬ ಲೋಪ ಪತ್ತೆಯಾದಾಗ, ಬೆಂಬಲ ನಿಲ್ಲಿಸಿ ವರ್ಷಗಳಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ತೇಪೆ ಕೊಡಬೇಕಾಯಿತು. ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಲು ಆ ಲೋಪ ಎಡೆಮಾಡಿಕೊಡುತ್ತಿತ್ತು. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಬಿಲ್ ಮಾಡಲು ಮಾತ್ರ ಸಾಕೆಂದು ಇಟ್ಟುಕೊಂಡ ಹಳೆಯ ಯಂತ್ರವೇ ಬಹಳ ಕಡೆ ದೂರದ ಪ್ರವೇಶದ ಹೆಬ್ಬಾಗಿಲಾಗಿರುತ್ತದೆ. ಒಂದು ಬೆಳಗ್ಗೆ ಲೆಕ್ಕದ ಫೈಲುಗಳೆಲ್ಲ ಅರ್ಥವಾಗದ ಹೆಸರು ತಳೆದು, ಪರದೆಯ ಮೇಲೆ ಒತ್ತೆಹಣದ ಬೇಡಿಕೆ ಕಾಣಿಸಿಕೊಳ್ಳುವುದು ಹೀಗೆಯೇ. ಬ್ಯಾಕಪ್ ಇದೆಯಲ್ಲ ಎಂದು ಸಮಾಧಾನಪಟ್ಟುಕೊಳ್ಳುವವರು ಒಂದು ವಿಷಯ ಗಮನಿಸಬೇಕು. ಅದೇ ಯಂತ್ರದ ಡಿ ಡ್ರೈವ್‌ನಲ್ಲಿರುವ, ಇಲ್ಲವೇ ಸದಾ ಚುಚ್ಚಿಯೇ ಇರುವ ಪೆನ್ ಡ್ರೈವ್‌ನಲ್ಲಿರುವ ಬ್ಯಾಕಪ್ಪೂ ಜೊತೆಗೇ ಹಾಳಾಗುತ್ತದೆ.

ಸರಿಯಾದ ಕ್ರಮವೆಂದರೆ, ಮೊದಲು ವಿಪಿಎನ್ ಎಂಬ ಖಾಸಗಿ ಸುರಂಗವೊಂದರ ಮೂಲಕ ಕಚೇರಿಯ ಜಾಲದೊಳಗೆ ಬರುವುದು, ಬಳಿಕ ಆ ವ್ಯಕ್ತಿಗೆಂದೇ ಗೊತ್ತುಮಾಡಿದ ಹೆಸರಿನಲ್ಲಿ ಲೆಕ್ಕದ ತಂತ್ರಾಂಶವನ್ನು ಮಾತ್ರ ತೆರೆಯುವುದು. ಹೊರಜಗತ್ತಿಗೆ ತೆರೆದ ರಿಮೋಟ್ ಡೆಸ್ಕ್‌ಟಾಪ್ ಬಾಗಿಲು ಆಗ ಇರುವುದೇ ಇಲ್ಲ. ಒಳ್ಳೆಯ ರೂಟರ್‌ಗಳಲ್ಲಿ ಈ ಸೌಲಭ್ಯ ಅಡಕವಾಗಿಯೇ ಬರುತ್ತದೆ. ಬೇಕಾಗಿರುವುದು ಅಳವಡಿಸಬಲ್ಲ ಒಬ್ಬ ತಿಳಿದವರು. ಅದೂ ಬೇಡವೆನ್ನುವವರು ಲೆಕ್ಕವನ್ನು ಮಾಸಿಕ ಬಾಡಿಗೆಯ ಕ್ಲೌಡ್ ಸರ್ವರ್‌ಗೆ ವರ್ಗಾಯಿಸಬಹುದು. ಬೆಂಗಳೂರಿನಲ್ಲಿಯೇ ಹುಟ್ಟಿ ಬೆಳೆದ ಟ್ಯಾಲಿ ತಂತ್ರಾಂಶದಲ್ಲಿ 2009ರ ಇಆರ್‌ಪಿ 9 ಆವೃತ್ತಿಯಿಂದಲೇ ದೂರದಿಂದ ಪ್ರವೇಶಿಸುವ ಅನುಕೂಲವಿದೆ. ಬಳಕೆದಾರರನ್ನು ಪ್ರತ್ಯೇಕವಾಗಿ ಸೃಷ್ಟಿಸಿ, ಯಾರು ಏನು ನೋಡಬಹುದು, ಯಾರು ತಿದ್ದಬಹುದು, ಎಷ್ಟು ದಿನ ಹಿಂದಿನ ತಾರೀಖಿಗೆ ನಮೂದು ಮಾಡಬಹುದು ಎಂಬುದನ್ನೆಲ್ಲ ನಿಗದಿಪಡಿಸಬಹುದು. ಹಣ ಕೊಟ್ಟು ಕೊಂಡ ತಂತ್ರಾಂಶದಲ್ಲಿಯೇ ಇರುವ ಈ ಅನುಕೂಲವನ್ನು ಬಿಟ್ಟು, ಮಾಲೀಕ, ಗುಮಾಸ್ತ, ಲೆಕ್ಕಿಗ ಎಲ್ಲರೂ ಒಂದೇ ಅಡ್ಮಿನ್ ಹೆಸರಿನಲ್ಲಿ ಒಳಹೋಗುವ ಅಭ್ಯಾಸ ಎಷ್ಟು ಸಂಸ್ಥೆಗಳಲ್ಲಿ ಇಲ್ಲ?

ಕಾನೂನಿನ ದೃಷ್ಟಿಯಿಂದ ಈ ಅಭ್ಯಾಸವೇ ಎಲ್ಲಕ್ಕಿಂತ ದುಬಾರಿಯಾಗಬಲ್ಲದು. ತಿದ್ದುಪಡಿಯ ಜಾಡು, ಅಂದರೆ ಆಡಿಟ್ ಟ್ರಯಲ್, ಕಂಪನಿಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಅನೇಕ ವರ್ತಕರು ನಂಬಿದ್ದಾರೆ. ಕಂಪನಿಗಳಿಗೆ 2023ರ ಏಪ್ರಿಲ್ 1ರಿಂದ ಅದು ಕಡ್ಡಾಯವಾದುದು ನಿಜ. ಪ್ರತಿಯೊಂದು ವಹಿವಾಟಿನ, ಪ್ರತಿಯೊಂದು ಬದಲಾವಣೆಯ ಜಾಡನ್ನು ದಿನಾಂಕದೊಡನೆ ದಾಖಲಿಸುವ, ಆ ಸೌಲಭ್ಯವನ್ನು ಸ್ಥಗಿತಗೊಳಿಸಲಾಗದ ತಂತ್ರಾಂಶವನ್ನೇ ಅವು ಬಳಸಬೇಕು. ಲೆಕ್ಕ ಪರಿಶೋಧಕರು ಅದರ ಬಗೆಗೆ ವರದಿಯಲ್ಲಿ ಹೇಳಬೇಕು. ಆದರೆ ಕೇಂದ್ರ ಜಿ.ಎಸ್.ಟಿ. ನಿಯಮಾವಳಿಯ 56(8)ನೇ ನಿಯಮ 2017ರಿಂದಲೂ ನೋಂದಾಯಿತ ವ್ಯಕ್ತಿಗಳೆಲ್ಲರಿಗೆ, ಎಂದರೆ ಏಕಮಾಲೀಕರಿಗೂ ಪಾಲುದಾರಿಕೆ ಸಂಸ್ಥೆಗಳಿಗೂ, ಅನ್ವಯಿಸುತ್ತ ಬಂದಿದೆ. ವಿದ್ಯುನ್ಮಾನ ರೂಪದಲ್ಲಿ ಲೆಕ್ಕ ಇಡುವವರು ತಿದ್ದಿದ ಅಥವಾ ಅಳಿಸಿದ ಪ್ರತಿಯೊಂದು ನಮೂದಿನ ದಾಖಲೆ ಇಟ್ಟಿರಬೇಕು ಎಂಬುದು ಅದರ ಸಾರ. 57ನೇ ನಿಯಮವು ಸಮರ್ಪಕ ಬ್ಯಾಕಪ್ ಇರಬೇಕೆನ್ನುತ್ತದೆ. ಅಧಿಕಾರಿಗಳು ಕೇಳಿದಾಗ ಫೈಲುಗಳ ವಿವರವನ್ನೂ ಅವುಗಳ ಪಾಸ್‌ವರ್ಡನ್ನೂ ಕೊಡಬೇಕೆನ್ನುತ್ತದೆ. ವಾರ್ಷಿಕ ರಿಟರ್ನ್ ಸಲ್ಲಿಕೆಯ ಕಡೆಯ ದಿನದಿಂದ 72 ತಿಂಗಳು ಇವೆಲ್ಲವನ್ನೂ ಕಾಪಾಡಬೇಕು.

ಈಗ ಊಹಿಸಿಕೊಳ್ಳಬಹುದು. ಮೂರು ವರ್ಷದ ಹಿಂದಿನ ಒಂದು ಮಾರಾಟದ ನಮೂದು ಅಳಿಸಿಹೋಗಿದೆ. ಅಧಿಕಾರಿ ದಾಖಲೆ ಕೇಳುತ್ತಾರೆ. ಜಾಡು ಇದೆ, ಆದರೆ ಅಳಿಸಿದವರ ಹೆಸರು ಅಡ್ಮಿನ್. ಆ ಹೆಸರಿನ ಹಿಂದೆ ಐದು ಜನ. ಕಾನೂನಿನ ಕಣ್ಣಿಗೆ ಮಾತ್ರ ಅದು ಮಾಲೀಕರೊಬ್ಬರೇ. ಲೆಕ್ಕಿಗ ದೂರದಿಂದ ಮಾಡಿದ್ದು, ತಮಗೆ ತಿಳಿಯದು ಎಂದರೆ ಕೇಳುವವರಾರು? ಲೆಕ್ಕ ಎಲ್ಲಿಂದ ಬರೆಯಲ್ಪಟ್ಟರೂ ಪ್ರಧಾನ ವ್ಯಾಪಾರಸ್ಥಳದಲ್ಲಿ ಅದನ್ನು ತೋರಿಸಬೇಕಾದ ಹೊಣೆ ನೋಂದಣಿ ಪಡೆದವರದೇ. ಎಲ್ಲ ದತ್ತಾಂಶವನ್ನೂ ಲೆಕ್ಕಿಗನ ಮನೆಯ ಯಂತ್ರದಲ್ಲಿಯೇ ಇಟ್ಟು ಅಂಗಡಿಯಲ್ಲಿ ಏನೂ ಇಟ್ಟುಕೊಳ್ಳದವರು ಇದನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಕಂಪನಿಗಳ ವಿಷಯದಲ್ಲಿ ಇನ್ನೊಂದು ಅಂಶವಿದೆ. 2022ರ ಆಗಸ್ಟ್‌ನ ತಿದ್ದುಪಡಿಯ ಪ್ರಕಾರ ಲೆಕ್ಕಪುಸ್ತಕಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇರಬೇಕು. ಕ್ಲೌಡ್ ಸೇವೆ ಪಡೆಯುವಾಗ ಸರ್ವರ್ ಎಲ್ಲಿದೆ ಎಂದು ಲಿಖಿತವಾಗಿ ಕೇಳಿಕೊಳ್ಳುವುದು ಅಗತ್ಯ. ಗಣಕ ಸುರಕ್ಷೆಯ ರಾಷ್ಟ್ರೀಯ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಗಂಭೀರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಯಂತ್ರಗಳ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ನೌಕರರ, ಗಿರಾಕಿಗಳ ವೈಯಕ್ತಿಕ ಮಾಹಿತಿ ಸೋರಿಕೆಯಾದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಹೇಳಿರುವ ಗರಿಷ್ಠ ದಂಡ 250 ಕೋಟಿ ರೂಪಾಯಿ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೊಳ್ಳುವಂತೆ ಗೊತ್ತುಪಡಿಸಲಾಗಿದೆ. ಚಿಕ್ಕ ವರ್ತಕರ ಮೇಲೆ ಆ ಮೊತ್ತ ಬೀಳಲಾರದು, ಆದರೆ ಹೊಣೆಯಂತೂ ಬಂದಿದೆ.

ಡಿಜಿಟಲ್ ಸಹಿಯ ಟೋಕನ್ ಬಗೆಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕಾಗಿದೆ. ದೂರದಿಂದ ರಿಟರ್ನ್ ಸಲ್ಲಿಸಲು ಅನುಕೂಲವಾಗಲೆಂದು ಟೋಕನನ್ನು ಕಚೇರಿಯ ಯಂತ್ರಕ್ಕೆ ಚುಚ್ಚಿಯೇ ಬಿಟ್ಟು, ಅದರ ಪಿನ್ ಸಂಖ್ಯೆಯನ್ನು ಮಾನಿಟರಿನ ಅಂಚಿಗೆ ಚೀಟಿಯಲ್ಲಿ ಅಂಟಿಸಿರುವುದು ಅಪರೂಪವೇನಲ್ಲ. ಖಾಲಿ ಸ್ಟಾಂಪ್ ಕಾಗದಕ್ಕೆ ಸಹಿ ಹಾಕಿ ಮೇಜಿನ ಮೇಲಿಡಲು ಯಾವ ವರ್ತಕರೂ ಒಪ್ಪುವುದಿಲ್ಲ. ಇದು ಅದಕ್ಕಿಂತ ಬೇರೆಯಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 42ನೇ ಕಲಮು ಸಹಿಯ ಖಾಸಗಿ ಕೀಲಿಯನ್ನು ಜೋಪಾನವಾಗಿ ತನ್ನ ಹಿಡಿತದಲ್ಲಿಟ್ಟುಕೊಳ್ಳುವ ಕರ್ತವ್ಯವನ್ನು ಸಹಿಯ ಒಡೆಯನ ಮೇಲೆಯೇ ಹೊರಿಸಿದೆ. ಟೋಕನ್ ಕೆಲಸ ಮುಗಿದ ಕೂಡಲೇ ತಿಜೋರಿಗೆ ಹೋಗಬೇಕು. ದೂರದ ಲೆಕ್ಕಿಗ ರಿಟರ್ನ್ ಸಿದ್ಧಪಡಿಸಿಟ್ಟರೆ ಸಾಕು. ಸಹಿ ಮಾಡುವ ಎರಡು ನಿಮಿಷ ಮಾಲೀಕರು ಕುಳಿತುಕೊಳ್ಳಬಹುದು.

ಒಟಿಪಿಯ ಕಥೆಯೂ ಇದೇ. ಇ-ವೇ ಬಿಲ್ ಮತ್ತು ಇ-ಇನ್‌ವಾಯ್ಸ್ ವ್ಯವಸ್ಥೆಯಲ್ಲಿ ಎರಡು ಹಂತದ ದೃಢೀಕರಣವು 2025ರ ಜನವರಿ 1ರಿಂದ 20 ಕೋಟಿ ರೂಪಾಯಿಗೆ ಮೇಲ್ಪಟ್ಟ ವಹಿವಾಟಿನವರಿಗೆ, ಫೆಬ್ರವರಿ 1ರಿಂದ 5 ಕೋಟಿಗೆ ಮೇಲ್ಪಟ್ಟವರಿಗೆ, ಏಪ್ರಿಲ್ 1ರಿಂದ ಉಳಿದೆಲ್ಲರಿಗೆ ಕಡ್ಡಾಯವಾಯಿತು. ಅಂದಿನಿಂದ ಮಾಲೀಕರ ಮೊಬೈಲಿಗೆ ಬರುವ ಸಂಖ್ಯೆಯನ್ನು ಊಟದ ನಡುವೆ, ಮದುವೆ ಮನೆಯ ನಡುವೆ ಲೆಕ್ಕಿಗನಿಗೆ ಓದಿ ಹೇಳುವ ಹೊಸ ಉದ್ಯೋಗ ಪ್ರಾರಂಭವಾಗಿದೆ. ಓದಿ ಹೇಳುವ ಅಭ್ಯಾಸ ಬೆಳೆದ ಮೇಲೆ ಬ್ಯಾಂಕಿನ ಒಟಿಪಿಯನ್ನೂ ಓದಿ ಹೇಳಲು ಎಷ್ಟು ಹೊತ್ತು? ಆ ವ್ಯವಸ್ಥೆಯಲ್ಲಿಯೇ ಉಪ ಬಳಕೆದಾರರನ್ನು ಸೃಷ್ಟಿಸಿ, ಅವರವರ ಮೊಬೈಲಿಗೆ ಅವರವರ ಒಟಿಪಿ ಬರುವಂತೆ ಮಾಡಲು ಅವಕಾಶವಿದೆ. ಬ್ಯಾಂಕಿನಲ್ಲಿಯೂ ಖಾತೆಯನ್ನು ನೋಡಲು ಮಾತ್ರ ಅಧಿಕಾರವಿರುವ, ಅಥವಾ ಪಾವತಿಯನ್ನು ತಯಾರಿಸಿ ಒಪ್ಪಿಗೆಗೆ ಕಳುಹಿಸುವಷ್ಟೇ ಅಧಿಕಾರವಿರುವ ಬಳಕೆದಾರರ ಹೆಸರು ಕೇಳಿ ಪಡೆಯಬಹುದು.

ಇಷ್ಟೆಲ್ಲ ಬಿಗಿ ಮಾಡಿದರೆ ಹಳೆಯ ನೌಕರನಿಗೆ ಅಪನಂಬಿಕೆ ತೋರಿಸಿದಂತಾಗುವುದಿಲ್ಲವೇ ಎಂದು ಕೆಲವರು ಸಂಕೋಚಪಡುತ್ತಾರೆ. ಈ ಸಂಕೋಚ ಗೌರವಾರ್ಹ, ಆದರೆ ದಿಕ್ಕು ತಪ್ಪಿದ್ದು. ನಗದು ತಾಳೆಯಾಗದ ದಿನ ಮೊದಲು ಬೆರಳು ತೋರುವುದು ದೂರದಲ್ಲಿರುವವರ ಕಡೆಗೇ. ಎದುರಿಗೆ ಇರುವವನು ಮಾತನಾಡಿ ತನ್ನನ್ನು ಸಮರ್ಥಿಸಿಕೊಳ್ಳಬಲ್ಲ. ಇನ್ನೊಂದು ಊರಿನಲ್ಲಿ ಕುಳಿತವಳಿಗೆ ಫೋನಿನ ಆಚೆಯ ಮೌನವಷ್ಟೇ ಕೇಳಿಸುತ್ತದೆ. ಐದು ಜನ ಒಂದೇ ಹೆಸರಿನಲ್ಲಿ ಬರೆದ ಲೆಕ್ಕದಲ್ಲಿ ತಾನು ಅಳಿಸಲಿಲ್ಲವೆಂದು ತೋರಿಸಲು ಆಕೆಗೆ ಯಾವ ಆಧಾರವೂ ಇಲ್ಲ. ತನ್ನದೇ ಹೆಸರು, ತನ್ನದೇ ಪಾಸ್‌ವರ್ಡ್ ಇದ್ದರೆ, ಆ ದಿನ ಆ ಹೊತ್ತು ತಾನು ಒಳಗೆ ಬಂದೇ ಇರಲಿಲ್ಲವೆಂಬುದಕ್ಕೆ ಯಂತ್ರವೇ ಸಾಕ್ಷಿಯಾಗುತ್ತದೆ. ಪ್ರತ್ಯೇಕ ಹೆಸರನ್ನು ಮಾಲೀಕರು ಕೊಡದಿದ್ದರೆ ಲೆಕ್ಕಿಗರೇ ಹಟ ಹಿಡಿದು ಕೇಳತಕ್ಕದ್ದು.

ಕಚೇರಿಯ ಕಡೆಯ ಸಣ್ಣಪುಟ್ಟ ತೊಡಕುಗಳೂ ಇವೆ. ದೂರದಿಂದ ಬರುವವರಿಗೆ ಯಂತ್ರ ಚಾಲನೆಯಲ್ಲಿರಬೇಕು. ಸಂಜೆ ಬಾಗಿಲು ಹಾಕುವವರು ಅಭ್ಯಾಸಬಲದಿಂದ ಮೇನ್ ಸ್ವಿಚ್ ಆರಿಸಿ ಹೋದರೆ ಎಷ್ಟೇ ಒಳ್ಳೆಯ ವಿಪಿಎನ್ ಇದ್ದರೂ ವ್ಯರ್ಥ. ಕಸ ಗುಡಿಸುವಾಗ ಪೊರಕೆಗೆ ಸಿಕ್ಕ ವೈರು ಎಷ್ಟೋ ರಿಟರ್ನ್‌ಗಳನ್ನು ತಡಮಾಡಿಸಿದೆ. ಲೋಡ್ ಶೆಡ್ಡಿಂಗ್ ಇರುವ ಊರುಗಳಲ್ಲಿ ಯುಪಿಎಸ್‌ನ ಬ್ಯಾಟರಿ ಬದಲಿಸುವ ಖರ್ಚನ್ನು ಉಳಿಸಲು ಹೋಗಬಾರದು. ನಮೂದಿನ ನಡುವೆ ವಿದ್ಯುತ್ ಹೋದರೆ ಕೆಡುವುದು ದತ್ತಾಂಶ.

ಒಬ್ಬೊಬ್ಬ ಸಣ್ಣ ವರ್ತಕರೂ ಪ್ರತ್ಯೇಕವಾಗಿ ತಜ್ಞರನ್ನು ಹುಡುಕುವುದು ಕಷ್ಟಸಾಧ್ಯ ಎಂಬುದನ್ನು ಒಪ್ಪಬೇಕು. ಇಲ್ಲಿ ವಾಣಿಜ್ಯೋದ್ಯಮ ಸಂಸ್ಥೆಗಳು ಮುಂದಾಗಬೇಕಾಗಿದೆ. ಬಜೆಟ್ ಕುರಿತ ಉಪನ್ಯಾಸಕ್ಕೆ ಪ್ರತಿವರ್ಷ ಸಭಾಂಗಣ ತುಂಬುತ್ತದೆ. ಅದೇ ಸಭಾಂಗಣದಲ್ಲಿ ಒಂದು ಮಧ್ಯಾಹ್ನ, ಸದಸ್ಯರು ತಮ್ಮ ಲೆಕ್ಕಿಗರನ್ನೂ ರೂಟರ್ ಹಾಕಿಕೊಟ್ಟವರನ್ನೂ ಕರೆತಂದು, ಬಾಗಿಲು ಯಾವುದು ತೆರೆದಿದೆ ಯಾವುದು ಮುಚ್ಚಿದೆ ಎಂದು ಪರೀಕ್ಷಿಸಿಕೊಳ್ಳುವ ಏರ್ಪಾಡು ಮಾಡಬಹುದು. ಇಪ್ಪತ್ತು ಸದಸ್ಯರು ಸೇರಿ ಒಬ್ಬ ತಂತ್ರಜ್ಞರನ್ನು ವಾರ್ಷಿಕ ಕರಾರಿನ ಮೇಲೆ ಗೊತ್ತುಮಾಡಿಕೊಂಡರೆ ತಲಾ ಬೀಳುವ ಖರ್ಚು ದೊಡ್ಡದಾಗಲಾರದು.

ಅಲ್ಲಿಯವರೆಗೆ ಮಾಲೀಕರು ತಾವೇ ಮಾಡಬಹುದಾದ ಕೆಲಸವೊಂದಿದೆ, ಅದಕ್ಕೆ ತಂತ್ರಜ್ಞಾನವೇನೂ ಬೇಡ. ಒಂದು ಹಾಳೆಯಲ್ಲಿ ಕಚೇರಿಯ ಯಂತ್ರಕ್ಕೆ, ಲೆಕ್ಕದ ತಂತ್ರಾಂಶಕ್ಕೆ, ಜಿ.ಎಸ್.ಟಿ. ಮತ್ತು ಇ-ವೇ ಬಿಲ್ ಪೋರ್ಟಲ್‌ಗಳಿಗೆ, ಬ್ಯಾಂಕಿಗೆ ಯಾರು ಯಾರು ಪ್ರವೇಶ ಹೊಂದಿದ್ದಾರೆ, ಯಾವ ದಿನದಿಂದ ಎಂದು ಬರೆಯುವುದು. ಬರೆಯುತ್ತ ಹೋದಂತೆ ಎರಡು ವರ್ಷದ ಹಿಂದೆ ಕೆಲಸ ಬಿಟ್ಟವರ ಹೆಸರೂ ನೆನಪಾಗುತ್ತದೆ. ಅವರ ಹೆಸರಿನ ಮುಂದೆ ಗೆರೆ ಎಳೆದು, ಆ ಸಂಜೆಯೇ ಪಾಸ್‌ವರ್ಡ್ ಬದಲಿಸಬೇಕು. ಹಾಳೆಗೆ ದಿನಾಂಕ, ಸಹಿ ಹಾಕಿ ತಿಜೋರಿಯಲ್ಲಿ ಡಿಜಿಟಲ್ ಸಹಿಯ ಟೋಕನ್ ಜೊತೆಗೆ ಇಡಬೇಕು. ಮಾರ್ಚ್ ಮುಗಿದು ಲೆಕ್ಕ ಪರಿಶೋಧನೆಗೆ ಕುಳಿತಾಗ ದಾಸ್ತಾನು ಪಟ್ಟಿ, ಬ್ಯಾಂಕ್ ತಾಳೆಪಟ್ಟಿಗಳ ಜೊತೆಗೆ ಈ ಹಾಳೆಯನ್ನೂ ಪರಿಶೋಧಕರ ಮುಂದಿಡಬಹುದು.